ಅಗಸ್ಟಾಳ ಸಹಿ

ಎಸ್ತರಳ ಸೀರೆಗೆ ಬೆಂಕಿ ಹತ್ತಿಕೊಂಡದ್ದು ೧೯೮೭ರ ಅಕ್ಟೋಬರಿನ ಒಂದು ಸೋಮವಾರ, ಮೂರನೆಯ ಪೀರಿಯಡ್ಡಿನಲ್ಲಿ. ಒಂಬತ್ತನೆಯ ಕ್ಲಾಸಿನ ಹುಡುಗಿಯರಿಗೆ ಮೆಗ್ನೀಸಿಯಂ ತಂತಿ ಹೇಗೆ ಉರಿಯುತ್ತದೆ ಎಂದು ತೋರಿಸುತ್ತಿದ್ದವಳು ಬೋರ್ಡಿನ ಕಡೆ ತಿರುಗಿದಳು. ಹೆಗಲಿಂದ ಜಾರಿದ ಸೆರಗಿನ ತುದಿ ಬರ್ನರಿನ ಮೇಲೆ ಹೋಯಿತು. ಗಲ್ಫಿನ ಆ ಊರಿನ ಮತ್ರಾ ಸೂಕಿನ ಪೇಟೆಯಲ್ಲಿ ಎಲ್ಲರೂ ಕೊಳ್ಳುತ್ತಿದ್ದ ಜಪಾನ್ ಸೀರೆ ಅದು. ಒಗೆಯುವುದು ಸುಲಭ, ಇಸ್ತ್ರಿ ಬೇಡ, ಬಣ್ಣ ಬಿಡುವುದಿಲ್ಲ. ಆದರೆ ಆ ಬಟ್ಟೆ ಹತ್ತಿಯ ಹಾಗೆ ಉರಿದು ಬೂದಿಯಾಗುವುದಿಲ್ಲ. ಕರಗುತ್ತದೆ, ಕರಗಿ ಮೈಗೆ ಅಂಟುತ್ತದೆ. ಹುಡುಗಿಯರು ಮರಳಿನ ಬಕೆಟ್ಟು ತಂದು ಸುರಿಯುವಷ್ಟರಲ್ಲಿ ಬಲಗೈ ಮೊಣಕೈಯವರೆಗೆ ಸುಟ್ಟುಹೋಗಿತ್ತು.

ಮರುದಿನ ಸ್ಟಾಫ್ ರೂಮಿಗೆ ಒಂದು ಸರ್ಕ್ಯುಲರ್ ಬಂತು. ಇನ್ನು ಮುಂದೆ ಎಲ್ಲ ಟೀಚರುಗಳೂ ಸೆರಗಿಗೆ ಒಂದರ ಬದಲು ಎರಡು ಪಿನ್ನು ಹಾಕತಕ್ಕದ್ದು.

ದಮಯಂತಿ ಅದನ್ನು ಎರಡು ಸಲ ಓದಿದಳು. ಓದಿದ್ದೇನೆ ಎಂದು ಸಹಿ ಮಾಡಬೇಕಾದ ಕಡೆ ಮಾಡದೆ ಪಕ್ಕದ ಝುಬೈದಾಳಿಗೆ ದಾಟಿಸಿದಳು.

"ಎಂತ, ಪೆನ್ನಿಲ್ವಾ?" ಎಂದಳು ಝುಬೈದಾ.

"ಪೆನ್ನುಂಟು."

ಹಮ್ರಿಯಾದಲ್ಲಿ ಅಕ್ಕಪಕ್ಕದ ಎರಡು ವಿಲ್ಲಾಗಳನ್ನು ಬಾಡಿಗೆಗೆ ಹಿಡಿದು, ನಡುವಿನ ಗೋಡೆ ಒಡೆದು ಮಾಡಿದ ಸಣ್ಣ ಶಾಲೆ ಅದು. ಟೀಚರುಗಳೆಲ್ಲ ಯಾರದೋ ಹೆಂಡತಿಯರು. ಗಂಡನ ವೀಸಾದ ಮೇಲೆ ಬಂದು ಮನೆಯಲ್ಲಿ ಕೂತಿದ್ದವರು, ಗಂಡನ ಕಫೀಲನಿಂದ, ಅಂದರೆ ವೀಸಾ ಕೊಟ್ಟ ಅರಬ ಧಣಿಯಿಂದ, 'ನಮ್ಮ ಅಡ್ಡಿಯಿಲ್ಲ' ಎಂಬ ಒಂದು ಕಾಗದ ತಂದು ಕೊಟ್ಟರೆ ಶಾಲೆ ಅವರನ್ನು ತೆಗೆದುಕೊಳ್ಳುತ್ತಿತ್ತು. ಆ ಕಾಗದ ಇರುವವರೆಗೆ ಕೆಲಸ. ಶಾಲೆಯ ಕಮಿಟಿಯಲ್ಲಿ ಒಂಬತ್ತು ಗಂಡಸರು. ಅವರನ್ನು ಆರಿಸುವವರು ಮಕ್ಕಳ ತಂದೆಯಂದಿರು. ಲೇಬರ್ ಕಾರ್ಡ್ ಇದ್ದವರಿಗೆ ಮಾತ್ರ ಓಟು, ಅಮ್ಮಂದಿರಿಗೆ ಲೇಬರ್ ಕಾರ್ಡ್ ಇರುವುದಿಲ್ಲ, ಆದ್ದರಿಂದ ಅಮ್ಮಂದಿರಿಗೆ ಓಟಿಲ್ಲ. ಟೀಚರುಗಳು ಸೀರೆಯನ್ನೇ ಉಡಬೇಕೆಂದು ಬರೆದವರೂ ಅದೇ ಒಂಬತ್ತು ಜನ.

ವಾದಿ ಕಬೀರಿನಿಂದ ಹೊರಡುವ ಎಂಟು ಟೀಚರುಗಳನ್ನು ದಿನಾ ಬೆಳಿಗ್ಗೆ ಒಯ್ಯುತ್ತಿದ್ದವನು ಕಾರ್ಕಳದ ಕೊರಗಪ್ಪ. ಅವನ ವ್ಯಾನಿನ ಏಸಿ ಮೇ ತಿಂಗಳಲ್ಲಿ ಕೆಟ್ಟದ್ದು ಕೆಟ್ಟಂತೆಯೇ ಇತ್ತು. ಲಂಗ, ರವಿಕೆ, ಆರು ಗಜದ ಪಾಲಿಯೆಸ್ಟರು, ಝುಬೈದಾಳಿಗಾದರೆ ಅದರ ಮೇಲೆ ಕರಿ ಬುರ್ಖಾ ಬೇರೆ. ಶಾಲೆ ಮುಟ್ಟುವಾಗ ಎಲ್ಲರೂ ಹಿಂಡಿದ ಬಟ್ಟೆಯ ಹಾಗಿರುತ್ತಿದ್ದರು. ಆ ಸೆಕೆಯಲ್ಲಿ ಹೊತ್ತು ಹೋಗಲೆಂದೇ ದಮಯಂತಿ ಕಥೆ ಹೇಳಲು ಶುರುಮಾಡಿದ್ದು.

ಕಥೆ ಅವಳದ್ದಲ್ಲ. ಕೆಲಸ ಮುಗಿಸಿ ಊರಿಗೆ ಹೋದ ಯಾವುದೋ ಇಂಗ್ಲಿಷ್ ಸಂಸಾರ ಶಾಲೆಗೆ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಅವಳಿಗೆ ರಟ್ಟು ಕಳಚಿದ ಒಂದು ಹಳೆಯ ಪುಸ್ತಕ ಸಿಕ್ಕಿತ್ತು. ಅಗಸ್ಟಾ ಥ್ರೇಲ್ ಎಂಬ ಹೆಂಗಸಿನ ಜೀವನವನ್ನು ಅವಳ ತಂಗಿಯ ಮಗಳು ಬರೆದದ್ದು. ವಿಕ್ಟೋರಿಯಾ ರಾಣಿಯ ಕಾಲ, ಯಾರ್ಕ್‌ಶೈರಿನ ಒಂದು ಮಿಲ್ಲಿನ ಊರು, ಅಪ್ಪ ಡಾಕ್ಟರು. ಹೆಂಗಸರಿಗೆ ಓಟು ಬೇಕು, ಹೆಂಗಸರ ಬಟ್ಟೆ ಹಗುರವಾಗಬೇಕು, ಈ ಎರಡು ಮಾತನ್ನು ಬಿಟ್ಟು ಮೂರನೆಯದನ್ನು ಆ ಅಗಸ್ಟಾ ಇಡೀ ಜನ್ಮದಲ್ಲಿ ಆಡಿದಂತಿರಲಿಲ್ಲ. ದಮಯಂತಿ ದಿನಕ್ಕೆ ನಾಲ್ಕು ಪುಟ ಮತ್ತೊಮ್ಮೆ ಓದುವಳು. ಮರುದಿನ ವ್ಯಾನಿನಲ್ಲಿ ಅದನ್ನು ಹೇಳುವಳು.

"ಇವತ್ತು ಅಗಸ್ಟಾಬಾಯಿ ಎಲ್ಲಿಗೆ ಮುಟ್ಟಿದ್ರು ಟೀಚರ್ರೆ?" ಎಂದು ಕೊರಗಪ್ಪ ಕನ್ನಡಿಯಲ್ಲಿ ನೋಡುತ್ತ ಕೇಳುವನು.

"ಕಿರಾಣಿ ಅಂಗಡಿಗೆ. ಪೇಟೆ ನಡುವೆ ತಕ್ಕಡಿ ಇಟ್ಟು ತನ್ನ ಬಟ್ಟೆ ತೂಗಿಸಿದಳು. ಲಂಗ, ಒಳಲಂಗ, ಮೇಲಂಗಿ, ಸೊಂಟಕ್ಕೆ ಕಟ್ಟುವ ತಿಮಿಂಗಿಲದ ಎಲುಬು, ಎಲ್ಲ ಸೇರಿ ಹದಿನಾಲ್ಕು ಪೌಂಡು. ಆರು ಕಿಲೋಗಿಂತ ಹೆಚ್ಚು."

"ದೇವರೇ, ಎಲ್ಲ ಬಿಚ್ಚಿ ತೂಗಿಸಿದ್ದಾ? ಮೈಮೇಲೆ ಎಂತ ಇತ್ತು ಮತ್ತೆ?"

"ನೀನು ರೋಡು ನೋಡು ಮಾರಾಯ. ಇನ್ನೊಂದು ಜೊತೆ ಬುಟ್ಟಿಯಲ್ಲಿ ತಂದಿದ್ದಳು."

ವ್ಯಾನು ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಎಸ್ತರ್. ಕಲ್ಯಾಣಪುರದ ಕಡೆಯವಳು, ಊರಲ್ಲಿ ಮದುವೆಯಾಗುವವರೆಗೆ ಫ್ರಾಕು ಹಾಕಿದವಳು, ಸೀರೆ ಅವಳಿಗೆ ಇಲ್ಲಿಗೆ ಬಂದ ಮೇಲೆ ಅಂಟಿದ್ದು.

ಬೆಂಕಿಯ ಮರುವಾರ ಆ ಸೀಟು ಖಾಲಿಯಿತ್ತು. ಹಿಂದೆ ಯಾವತ್ತೋ ಓದಿಯೂ ಹೇಳದೆ ಬಿಟ್ಟಿದ್ದ ಒಂದು ಭಾಗವನ್ನು ದಮಯಂತಿ ಅಂದು ಹೇಳಿದಳು. ಅಗಸ್ಟಾಳಿಗೆ ಲೂಸಿ ಎಂಬ ಅಕ್ಕ ಇದ್ದಳು. ಆಗಿನವರು ಲಂಗದೊಳಗೆ ಉಕ್ಕಿನ ಬಳೆಗಳ ಪಂಜರ ಹಾಕುತ್ತಿದ್ದರು. ಕ್ರಿಸ್‌ಮಸ್ಸಿನ ಹಿಂದಿನ ದಿನ ಬೆಂಕಿಗೂಡಿನ ಪಕ್ಕ ಬಗ್ಗಿ ಏನನ್ನೋ ಎತ್ತಿಕೊಳ್ಳುತ್ತಿದ್ದ ಲೂಸಿಯ ಲಂಗದ ಹಿಂಬದಿ ಬೆಂಕಿಗೆ ತಾಗಿತು. ಹತ್ತಿರ ಹೋಗಿ ಆರಿಸೋಣ ಎಂದರೆ ಪಂಜರ ಅಷ್ಟಗಲ. ಅಗಸ್ಟಾಳ ಕೈ ಅಕ್ಕನಿಗೆ ಎಟುಕಲಿಲ್ಲ. ಆಗ ಅವಳಿಗೆ ಹದಿನೈದು.

"ಆಮೇಲೆ?" ಎಂದಳು ಝುಬೈದಾ.

"ಆಮೇಲೆ ಪಾದ್ರಿ ಬಂದು, ಹೆಣ್ಣುಮಕ್ಕಳು ಬೆಂಕಿಯ ಹತ್ತಿರ ಜಾಗ್ರತೆ ಇರಬೇಕು ಅಂತ ಬೋಧನೆ ಮಾಡಿದ."

"ಎರಡು ಪಿನ್ನು," ಎಂದಳು ಝುಬೈದಾ ಕಿಟಕಿಯ ಕಡೆ ನೋಡಿಕೊಂಡು.

ಅರ್ಜಿ ಬರೆಯೋಣ ಎಂದು ದಮಯಂತಿ ಹೇಳಿದ್ದು ಆಗ.

ಬರೆಯಲು ಅವಳಿಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಎಸ್ತರ್ ಆಸ್ಪತ್ರೆಯಿಂದ ಬಂದಿದ್ದಳು. ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಒಳಮುಖವಾಗಿ ಮಡಚಿದ್ದವು. ಎಡಗೈಯಲ್ಲಿ ಬರೆಯುವುದನ್ನು ಅವಳು ತನ್ನ ಸಣ್ಣ ಮಗಳ ಕಾಪಿ ಪುಸ್ತಕದಲ್ಲಿ ಕಲಿಯುತ್ತಿದ್ದಳು. ಶಾಲೆ ಅವಳನ್ನು ಕೆಲಸದಿಂದ ತೆಗೆದಿರಲಿಲ್ಲ. ಅವಳ ಗಂಡ ಫ್ರೆಡ್ಡಿ ಕೆಲಸ ಮಾಡುತ್ತಿದ್ದ ಕಟ್ಟಡದ ಕಂಪನಿ, ಎಣ್ಣೆಯ ರೇಟು ಬಿದ್ದ ಮೇಲೆ ಅರ್ಧಕ್ಕರ್ಧ ಜನರನ್ನು ಊರಿಗೆ ಕಳಿಸಿತ್ತು. ಮುಂದಿನ ಪಟ್ಟಿಯಲ್ಲಿ ಫ್ರೆಡ್ಡಿಯ ಹೆಸರಿತ್ತು. ಏಪ್ರಿಲಿನಿಂದ ಎಸ್ತರಳಿಗೆ ಶಾಲೆಯ ಸ್ವಂತ ವೀಸಾ ಕೊಡುತ್ತೇವೆ ಎಂದು ಪ್ರಿನ್ಸಿಪಾಲ್ ಮೇಡಂ ಮಾತು ಕೊಟ್ಟಿದ್ದರು. ಫ್ರೆಡ್ಡಿ ಹೋದರೂ ಅವಳೂ ಇಬ್ಬರು ಹೆಣ್ಣುಮಕ್ಕಳೂ ಉಳಿಯಬಹುದು, ಕೈಗೆ ಇನ್ನೆರಡು ಆಪರೇಷನ್ ಇಲ್ಲಿಯೇ ಆಗಬಹುದು. ಇದು ವ್ಯಾನಿನ ಎಲ್ಲರಿಗೂ ಗೊತ್ತಿತ್ತು. ದಮಯಂತಿಗೂ ಗೊತ್ತಿತ್ತು.

ಅರ್ಜಿಯಲ್ಲಿ ಎರಡು ಬೇಡಿಕೆ. ಟೀಚರುಗಳಿಗೆ ಸಲ್ವಾರ್ ಕಮೀಜಿನ ಅನುಮತಿ ಮೊದಲನೆಯದು. ಕಮಿಟಿಯನ್ನು ಆರಿಸುವಾಗ ಅಮ್ಮಂದಿರಿಗೂ ಓಟು ಎರಡನೆಯದು.

"ಓಟಿನದ್ದು ಈಗ ಯಾಕೆ?" ಎಂದಳು ಎಸ್ತರ್. "ಮೊದಲು ಸಲ್ವಾರ್ ಸಿಗಲಿ. ಗಂಡಸರು ಓಟು ಅಂತ ಕಂಡ ಕೂಡಲೇ ಮೇಲಿನದ್ದನ್ನೂ ಓದುವುದಿಲ್ಲ."

"ಅಗಸ್ಟಾಗೂ ಹೀಗೇ ಹೇಳಿದ್ರು," ಎಂದಳು ದಮಯಂತಿ. ಅವಳ ದನಿಯಲ್ಲಿ ಉತ್ಸಾಹ ತುಂಬಿತ್ತು. "ಅವಳ ಸ್ವಂತ ಸಂಘದವರು. ನೀನು ಎರಡು ಕಾಲಿಗೂ ಬೇರೆ ಬೇರೆ ಹೊಲಿದ ಆ ಸೀಳು ಲಂಗ ಹಾಕಿಕೊಂಡು ಸಭೆಗೆ ಬಂದರೆ ನಮಗೆ ಸಿಗುವ ಓಟೂ ಸಿಗುವುದಿಲ್ಲ, ಮೊದಲು ಓಟು, ಬಟ್ಟೆ ಆಮೇಲೆ ಅಂತ. ಅವಳು ಎಂತ ಹೇಳಿದ್ಲು ಗೊತ್ತುಂಟಾ? ನಡೆಯಲಿಕ್ಕಾಗದವಳು ಓಟು ಹಾಕಲಿಕ್ಕೆ ಹೋಗುವುದು ಹೇಗೆ ಅಂತ."

"ಅವಳಿಗೆ ಅಪ್ಪ ಡಾಕ್ಟರು," ಎಂದಳು ಎಸ್ತರ್. ಆದರೂ ಎಡಗೈಯಲ್ಲಿ, ನಾಲಗೆ ಕಚ್ಚಿಕೊಂಡು, ಮೊದಲ ಸಹಿ ಅವಳೇ ಹಾಕಿದಳು. ಮತ್ತೆ ಝುಬೈದಾ, ಬಾಲವಾಡಿಯ ಉಮಾವತಿ, ಹೀಗೆ ಒಟ್ಟು ಹದಿನಾಲ್ಕು.

ಪ್ರಿನ್ಸಿಪಾಲ್ ಮೇಡಮ್ಮಿಗೆ ಸುದ್ದಿ ಎರಡೇ ದಿನದಲ್ಲಿ ಮುಟ್ಟಿತು. ಗಂಜಿ ಹಾಕಿದ ಹತ್ತಿ ಸೀರೆಯಲ್ಲಿಯೇ ಹುಟ್ಟಿದವರಂತಿದ್ದ ಆಕೆ ದಮಯಂತಿಯನ್ನೂ ಎಸ್ತರಳನ್ನೂ ಕರೆದು ಕೂರಿಸಿ ಚಹಾ ತರಿಸಿದರು. ಕಮಿಟಿಯ ಸಭೆ ಫೆಬ್ರವರಿಯಲ್ಲಿ. ಅಲ್ಲಿ ಆಕೆ ಒಂದು ಮಾತು ಗೆಲ್ಲಿಸಬಲ್ಲರಂತೆ: ಲ್ಯಾಬಿನಲ್ಲಿ ಪಾಠ ಮಾಡುವವರಿಗೆ ಸೀರೆಯ ಮೇಲೆ ಹತ್ತಿಯ ಕೋಟು. ಅರ್ಜಿ ಸಭೆಗೆ ಬಂದರೆ ಅದೂ ಇಲ್ಲ.

"ಕೋಟು ಆಗ್ತದೆ ಮೇಡಂ," ಎನ್ನಲು ಎಸ್ತರ್ ಬಾಯಿ ತೆರೆಯುವ ಮೊದಲೇ ದಮಯಂತಿ ಇಂಗ್ಲಿಷಿನಲ್ಲಿ ಹೇಳಿಯಾಗಿತ್ತು: "ನಮಗೆ ಬೇಕಾದದ್ದು ಕೋಟಲ್ಲ."

ಮೇಡಂ ಎಸ್ತರಳ ಕಡೆ ನೋಡಿದರು. "ನಿಮಗೆ?"

ಎಸ್ತರ್ ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿದು, ಕುಡಿಯದೆ ಕೆಳಗಿಟ್ಟಳು. "ದಮಯಂತಿ ಹೇಳಿದ ಹಾಗೆ," ಎಂದಳು.

ಹೊರಗೆ ಬಂದ ಮೇಲೆ ದಮಯಂತಿ ಅವಳ ಹೆಗಲು ಹಿಡಿದು ಕುಲುಕಿದಳು. ತನ್ನ ಜನ್ಮದಲ್ಲಿಯೇ ಅಷ್ಟು ಸಂತೋಷ ಅವಳಿಗಾಗಿರಲಿಲ್ಲ. ಎಸ್ತರ್ ಏನೂ ಹೇಳದೆ ಲ್ಯಾಬಿನ ಕಡೆ ಹೋದಳು. ದಮಯಂತಿ ಆ ಮೌನವನ್ನು ಧೈರ್ಯ ಎಂದು ತಿಳಿದಳು.

ಸಭೆಗೆ ಹತ್ತು ದಿನ ಇರುವಾಗ ಕಮಿಟಿಯ ಒಂಬತ್ತು ಜನರಿಗೆ ಒಂಬತ್ತು ಪ್ರತಿ ಬೇಕಾಯಿತು. ಅಲ್ಲಿಯ ನಮ್ಮವರ ಮನೆಗಳಲ್ಲಿ ಏನೇ ಪ್ರತಿ ಮಾಡಿಸುವುದಿದ್ದರೂ ಗಂಡನ ಆಫೀಸಿನಲ್ಲೇ. ಭಜನೆಯ ಸಾಲು, ಬಂಗುಡೆ ಪುಳಿಮುಂಚಿಯ ರೆಸಿಪಿ, ಮಕ್ಕಳ ಪ್ರಶ್ನೆಪತ್ರಿಕೆ, ಊರಿನ ಜಾಗದ ಆರ್‌ಟಿಸಿ, ಎಲ್ಲವೂ ಯಾವುದಾದರೊಂದು ಕಂಪನಿಯ ಜೆರಾಕ್ಸ್ ಮೆಷಿನ್ನಿನ ಗಾಜಿನ ಮೇಲೆ ಒಮ್ಮೆ ಮಲಗಿ ಬಂದದ್ದೇ. ಹೊರಗೆ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಬಹುದೆಂದು ಯಾರಿಗೂ ಹೊಳೆಯುವುದೇ ಇಲ್ಲ. ದಮಯಂತಿಯ ಗಂಡ ಭೋಜರಾಜ ಮತ್ರಾದ ಒಂದು ಹಡಗು ಏಜೆನ್ಸಿಯಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತ. ಅರ್ಜಿಯ ಬಗ್ಗೆ ಅವನಿಗೆ ಉತ್ಸಾಹವೂ ಇರಲಿಲ್ಲ, ವಿರೋಧವೂ ಇರಲಿಲ್ಲ.

"ನಿನ್ನ ಅಗಸ್ಟಾಬಾಯಿ ನಮ್ಮ ಆಫೀಸಿನ ಟೋನರ್ ಖಾಲಿ ಮಾಡದಿದ್ದರೆ ಸಾಕು," ಎಂದು ಹಾಳೆಯನ್ನು ಫೈಲಿನೊಳಗೆ ಇಟ್ಟುಕೊಂಡು ಹೋದ. ಸಂಜೆ ಒಂಬತ್ತು ಪ್ರತಿ ತಂದು ಮೇಜಿನ ಮೇಲೆ ಹಾಕಿದ.

"ಒರಿಜಿನಲ್?" ಎಂದಳು ದಮಯಂತಿ.

ಭೋಜರಾಜ ಫೈಲು ತೆರೆದ. ಬ್ಯಾಗು ಕೊಡವಿದ. ಶರ್ಟಿನ ಜೇಬು ಮುಟ್ಟಿ ನೋಡಿಕೊಂಡ. ಆಮೇಲೆ ಸೋಫಾದ ಅಂಚಿನಲ್ಲಿ ಕೂತ.

"ಗಾಜಿನ ಮೇಲೆ ಉಳೀತು," ಎಂದ.

ಅದು ಗುರುವಾರ. ಶುಕ್ರವಾರ ಆಫೀಸಿಗೆ ಬೀಗ. ಶನಿವಾರ ಭೋಜರಾಜ ಒಂದು ಗಂಟೆ ಮುಂಚೆ ಹೋದ. ಬೊಂಬಾಯಿಯ ಮ್ಯಾನೇಜರ್ ಅಂದು ಒಂದೂವರೆ ಗಂಟೆ ಮುಂಚೆ ಬಂದಿದ್ದ. ಅವನು ತನ್ನ ಮಗಳ ಪಾಸ್‌ಪೋರ್ಟನ್ನು ಗುಟ್ಟಾಗಿ ಪ್ರತಿ ಮಾಡಿಕೊಳ್ಳಲು ಮುಚ್ಚಳ ಎತ್ತಿದಾಗ ಸಿಕ್ಕಿದ್ದು ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ, ಕೆಳಗೆ ಹದಿನಾಲ್ಕು ಸಹಿ, ನಡುವೆ ಸ್ಪಷ್ಟವಾಗಿ 'ಓಟು' ಎಂಬ ಪದ.

ಅಲ್ಲಿ, ಆ ಕಾಲದಲ್ಲಿ, ಹೊರಗಿನಿಂದ ಬಂದವರು ಹತ್ತು ಜನ ಒಂದು ಕಾಗದಕ್ಕೆ ಸಹಿ ಹಾಕುವುದೆಂದರೆ ಯಾರೂ ಜೋರಾಗಿ ಹೇಳುವ ಸಂಗತಿಯಲ್ಲ. ಸೀರೆ, ಸಲ್ವಾರ್ ಯಾವುದನ್ನೂ ಮ್ಯಾನೇಜರ್ ಓದಲಿಲ್ಲ. ಹಾಳೆಯನ್ನು ನೇರ ಕಫೀಲನ ಮೇಜಿಗೆ ಒಯ್ದ.

ಕಫೀಲ್ ಕೆಟ್ಟವನಲ್ಲ. ಹನ್ನೊಂದು ವರ್ಷದಲ್ಲಿ ಭೋಜರಾಜನಿಗೆ ಒಂದು ಬಿರುಸಿನ ಮಾತು ಆಡಿದವನಲ್ಲ. ಯಾರಿಂದಲೋ ಓದಿಸಿ, ಅರ್ಥ ಕೇಳಿ, ನಕ್ಕನಂತೆ. "ಬಟ್ಟೆ ಏನಾದರೂ ಹಾಕಲಿ, ನನಗೇನು?" ಎಂದನಂತೆ. ಆಮೇಲೆ ನಗು ನಿಲ್ಲಿಸಿ ಹೇಳಿದನಂತೆ: "ಆದರೆ ಭೋಜ್, ಇದು ನನ್ನ ಮೆಷಿನ್. ಇದು ನನ್ನ ಆಫೀಸಿನ ಕಾಗದ. ನಾಳೆ ಯಾರಾದರೂ ಕೇಳಿದರೆ ನಿನ್ನನ್ನು ಕೇಳುವುದಿಲ್ಲ, ನನ್ನನ್ನು ಕೇಳುತ್ತಾರೆ. ದೂರದ ಖಸಬ್ ಬಂದರಿನ ನಮ್ಮ ಆಫೀಸಿಗೆ ಒಬ್ಬ ಬೇಕು. ನೀನು ಹೋಗು. ಹೆಂಡತಿಯ ಶಾಲೆ ಖಲಾಸ್."

ಪಾಸ್‌ಪೋರ್ಟು ಕಫೀಲನ ಕಪಾಟಿನಲ್ಲಿ. ಭೋಜರಾಜ 'ಆಯಿತು' ಎಂದು ಬಂದ. ಮನೆಯಲ್ಲಿ ಹೆಂಡತಿಗೂ ಅವನು ಬೈಯಲಿಲ್ಲ. ಷೂ ಬಿಚ್ಚಿ, ಖಸಬ್‌ನಲ್ಲಿ ಮೀನು ಒಳ್ಳೆಯದು ಸಿಗುತ್ತದಂತೆ ಎಂದ. ಅವನು ಬೈದಿದ್ದರೆ ದಮಯಂತಿಗೆ ಉಸಿರಾಡಲಿಕ್ಕಾದರೂ ಸುಲಭವಾಗುತ್ತಿತ್ತು.

ಮ್ಯಾನೇಜರ್ ಅಲ್ಲಿಗೇ ಬಿಡಲಿಲ್ಲ. ತನ್ನ ಮೇಲೆ ಬರಬಾರದೆಂದು ಶಾಲೆಗೂ ಫೋನು ಮಾಡಿದ. ಸೋಮವಾರ ಪ್ರಿನ್ಸಿಪಾಲ್ ಮೇಡಂ ದಮಯಂತಿಯನ್ನು ಬಿಟ್ಟು ಉಳಿದ ಹದಿಮೂರು ಜನರನ್ನೂ ಒಬ್ಬೊಬ್ಬರಾಗಿ ಕರೆದು ಒಂದೊಂದು ಟೈಪು ಮಾಡಿದ ಕಾಗದ ಕೊಟ್ಟರು. ಆ ಅರ್ಜಿಯನ್ನು ಓದದೆ ಸಹಿ ಹಾಕಿದ್ದೇನೆ. ದಮಯಂತಿ ನನ್ನನ್ನು ದಾರಿ ತಪ್ಪಿಸಿದ್ದಾಳೆ. ಕಮಿಟಿಯ ಕ್ಷಮೆ ಕೇಳುತ್ತೇನೆ. ಬುಧವಾರ ಸಂಜೆಯೊಳಗೆ ಸಹಿ ಮಾಡಿ ಕೊಡದವರ ಕೆಲಸ ಆ ತಿಂಗಳಿಗೇ ಮುಗಿಯಿತು.

ಉಮಾವತಿ ಅಲ್ಲೇ ಮಾಡಿದಳು. ಝುಬೈದಾ ಮಂಗಳವಾರ ಮಾಡಿದಳು. ಆಮೇಲೆ ದಮಯಂತಿಯ ಮನೆಗೆ ಬಂದು ಬಾಗಿಲಲ್ಲೇ ನಿಂತು, "ಬೈದುಬಿಡು ನನಗೆ," ಎಂದಳು. ಬೈಯುವುದಕ್ಕೆ ಏನೂ ಇರಲಿಲ್ಲ. ಝುಬೈದಾ ಅಳುತ್ತ ಕಾರ್ಟನ್ನುಗಳಿಗೆ ಟೇಪು ಅಂಟಿಸಿಕೊಟ್ಟು ಹೋದಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಕಾಗದ ಮೇಡಮ್ಮಿನ ಮೇಜಿನ ಮೇಲಿದ್ದವು.

ಮೂರೂವರೆಗೆ ಫ್ರೆಡ್ಡಿ ಬಂದ. ಅವನನ್ನು ದಮಯಂತಿ ಅಷ್ಟು ಹತ್ತಿರದಿಂದ ನೋಡಿದ್ದು ಕಡಿಮೆ. ಚರ್ಚಿನ ಕಾರ್ಯಕ್ರಮಗಳಲ್ಲಿ ಮ್ಯಾಂಡೊಲಿನ್ ಬಾರಿಸುವ ಹಗುರ ಮನುಷ್ಯ. ಈಗ ಎರಡು ದಿನದ ಗಡ್ಡ.

"ಅವಳು ಸಹಿ ಹಾಕುವುದಿಲ್ಲ ಅಂತಾಳೆ," ಎಂದ. "ನನ್ನ ಟಿಕೆಟ್ ಮಾರ್ಚ್ ಇಪ್ಪತ್ತಾರಕ್ಕೆ ಆಯ್ತು ದಮಯಂತಿಬಾಯಿ. ಕಂಪನಿ ಕೊಟ್ಟಾಯ್ತು. ಶಾಲೆಯ ವೀಸಾ ಒಂದು ಇಲ್ಲದಿದ್ದರೆ ಅವಳೂ ಮಕ್ಕಳೂ ನನ್ನ ಒಟ್ಟಿಗೇ ಹೊರಡಬೇಕು. ಅಲ್ಲಿ ಎಂತ ಉಂಟು? ಆ ಕೈಗೆ ಅಲ್ಲಿ ಯಾರು ಆಪರೇಷನ್ ಮಾಡ್ತಾರೆ? ನಾನು ಹೇಳಿದರೆ ಗೋಡೆ ನೋಡ್ತಾಳೆ. ನೀವು ಹೇಳಿದರೆ ಕೇಳ್ತಾಳೆ."

"ಯಾಕೆ ಹಾಕುವುದಿಲ್ಲವಂತೆ?"

ಫ್ರೆಡ್ಡಿ ನಾಚಿಕೊಂಡವನಂತೆ ತಲೆ ತಗ್ಗಿಸಿದ. "ಆ ನಿಮ್ಮ ಬ್ರಿಟಿಷ್ ಹೆಂಗಸು ಉಂಟಲ್ಲ? ಅವಳು ಹಾಕಿರಲಿಕ್ಕಿಲ್ಲ ಅಂತೆ."

ಕಥೆ ನಿಂತದ್ದು ಎಲ್ಲಿ ಎಂದು ದಮಯಂತಿಗೆ ನೆನಪಾಯಿತು. ಆ ಗುರುವಾರ ಬೆಳಿಗ್ಗೆ ವ್ಯಾನು ಶಾಲೆಯ ಗೇಟು ತಲುಪುವಾಗ ಅಗಸ್ಟಾ ಕೋರ್ಟಿನಲ್ಲಿದ್ದಳು. ಸೀಳು ಲಂಗದಲ್ಲಿ ಪೇಟೆಯಲ್ಲಿ ನಡೆದು, ಸುತ್ತ ಗಲಾಟೆಯಾಗಿ, ಜನರ ಶಾಂತಿ ಕೆಡಿಸಿದಳೆಂದು ಪೊಲೀಸರು ಹಿಡಿದಿದ್ದರು. ಮುದಿ ನ್ಯಾಯಾಧೀಶ ಅವಳ ಮುಂದೆ ಒಂದು ಕಾಗದ ಇಟ್ಟ: ಇನ್ನು ಮುಂದೆ ಆ ಬಟ್ಟೆ ಹಾಕುವುದಿಲ್ಲ, ತಪ್ಪಾಯಿತು ಎಂದು ಸಹಿ ಮಾಡಿ ಮನೆಗೆ ಹೋಗು. ಅಷ್ಟಕ್ಕೆ ಕೊರಗಪ್ಪ ಬ್ರೇಕು ಹಾಕಿದ್ದ. 'ಇದೆಂಥ ಅನ್ಯಾಯ, ಇನ್ನು ಎರಡು ದಿನ ಕಾಯಬೇಕಾ?' ಎಂದು ಇಳಿಯುತ್ತ ಎಸ್ತರ್ ಗೊಣಗಿದ್ದಳು. ಶನಿವಾರ ದಮಯಂತಿ ಕಥೆ ಹೇಳುವ ಸ್ಥಿತಿಯಲ್ಲಿರಲಿಲ್ಲ, ಆಮೇಲೆ ವ್ಯಾನು ಹತ್ತಲೇ ಇಲ್ಲ.

ಎಸ್ತರಳ ಮನೆ ನಾಲ್ಕು ಬೀದಿ ಆಚೆ, ಒಂದು ಗ್ಯಾರೇಜಿನ ಮೇಲೆ, ಮೂರನೆಯ ಮಾಳಿಗೆ. ಫ್ರೆಡ್ಡಿಯ ಹಿಂದೆ ಮೆಟ್ಟಿಲು ಹತ್ತುವಾಗ ದಮಯಂತಿಯ ತಲೆಯಲ್ಲಿ ಆ ಪುಸ್ತಕದ ಕೊನೆಯ ಪುಟಗಳಿದ್ದವು. ಅವಳು ಅವನ್ನು ಎಂದೋ ಓದಿ ಮುಗಿಸಿದ್ದಳು. ಅಗಸ್ಟಾ ಸಹಿ ಹಾಕಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿ ನ್ಯಾಯಾಧೀಶನಿಗೆ ಹಿಂದಿರುಗಿಸಿ, ತಲೆಬಾಗಿಸಿ ನಮಸ್ಕರಿಸಿದಳು. ಹದಿನಾಲ್ಕು ದಿನ ಜೈಲಾಯಿತು. ಚಳಿಗಾಲದ ಜೈಲಿನಿಂದ ಎದೆಯೊಳಗೆ ಕೆಮ್ಮು ತಂದಳು. ಓಟಿನ ಸಂಘದವರು ಅವಳ ಹೆಸರು ಹೊಡೆದುಹಾಕಿದರು. ಮೂರು ವರ್ಷ ಒಂದು ಬಾಡಿಗೆ ಕೋಣೆಯಲ್ಲಿದ್ದು ಅಲ್ಲೇ ತೀರಿಕೊಂಡಳು. ಓಟು ಬರುವಾಗ ಅವಳು ಸತ್ತು ಒಂದು ತಲೆಮಾರು ಕಳೆದಿತ್ತು. ಆದರೆ ದಮಯಂತಿ ಮದುವೆಯ ನಂತರ, ಬಹುಶಃ ಹುಟ್ಟಿದ ನಂತರವೇ, ಮನಸ್ಸಾರೆ ಪ್ರೀತಿಸಿದ ಒಂದೇ ಒಂದು ವಸ್ತು ಆ ಮಡಚಿದ ಕಾಗದ. ರಾತ್ರಿ ಅದನ್ನು ಓದಿದಾಗ ಎದ್ದು ಅಡಿಗೆಮನೆಗೆ ಹೋಗಿ, ಯಾರೂ ನೋಡದಂತೆ, ಅಗಸ್ಟಾಳಂತೆಯೇ ತಲೆಬಾಗಿಸಿ ನೋಡಿದ್ದಳು.

ಎಸ್ತರ್ ಊಟದ ಮೇಜಿನ ಮುಂದೆ ಕೂತಿದ್ದಳು. ಕಾಗದ ಮುಂದಿತ್ತು. ಕೆಳಗಿನ ಗ್ಯಾರೇಜಿನಲ್ಲಿ ಯಾವುದೋ ಕಾರಿನ ತಗಡಿಗೆ ಸುತ್ತಿಗೆ ಬೀಳುತ್ತಿತ್ತು. ಒಳಕೋಣೆಯಲ್ಲಿ ಹೆಣ್ಣುಮಕ್ಕಳಿಬ್ಬರೂ ಇಂಗ್ಲಿಷಿನಲ್ಲಿ ಸಣ್ಣಗೆ ಜಗಳವಾಡುತ್ತಿದ್ದರು.

"ಅವನು ಕರ್ಕೊಂಡು ಬಂದದ್ದಾ?" ಎಂದಳು ಎಸ್ತರ್. "ಹೇಳಲಿಕ್ಕೆ ಬಂದದ್ದಾದರೆ ಬೇಡ. ನಿನ್ನ ಹೆಸರು ಹಾಕಿ ಬರೆದಿದ್ದಾರೆ ಇದರಲ್ಲಿ. ಓದದೆ ಸಹಿ ಹಾಕಿದ್ದೇನಂತೆ. ನಾನು! ಮೊದಲ ಸಹಿ ನನ್ನದು. ಈ ಕೈಯಲ್ಲಿ ಹಾಕಿದ್ದು."

"ನನ್ನ ಹೆಸರಿಗೆ ಎಂತ ಆಗುವುದುಂಟು ಇನ್ನು? ಹಾಕು."

"ಇಲ್ಲ."

"ಮಕ್ಕಳುಂಟು ಎಸ್ತರ್."

"ಮಕ್ಕಳು ಉಂಟು ಅಂತ ನನಗೆ ಗೊತ್ತಿಲ್ವಾ?" ಎಸ್ತರ್ ಕಾಗದವನ್ನು ಎಡಗೈಯಿಂದ ಆಚೆ ತಳ್ಳಿದಳು. "ಕೋಟು ಕೊಡ್ತೇನೆ ಹೇಳಿದಾಗ ನನಗೆ ಅದೇ ಸಾಕಿತ್ತು, ಗೊತ್ತುಂಟಾ? ನೀನು ಬೇಡ ಅಂದೆ. ಆ ರಾತ್ರಿ ನನಗೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ... ಬೆಳಿಗ್ಗೆ ಏಳುವಾಗ ಇರಲಿಲ್ಲ. ಸರಿ ಅಂತ ಕಂಡಿತು. ಒಂದು ಸಲ ಸರಿ ಅಂತ ಕಂಡ ಮೇಲೆ ಈಗ ಇದಕ್ಕೆ ಹೇಗೆ ಹಾಕುವುದು? ನೀನೇ ಹೇಳು, ಆ ಅಗಸ್ಟಾ ಹಾಕಿದಳಾ?"

ದಮಯಂತಿ ಫ್ರೆಡ್ಡಿಯ ಕಡೆ ನೋಡಿದಳು. ಅವನು ಗೋಡೆಗೆ ಒರಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಶಿಕ್ಷೆಗೆ ನಿಂತ ಹುಡುಗನ ಹಾಗಿದ್ದ. ಗಂಟೆ ನಾಲ್ಕೂ ಹತ್ತು. ಐದಕ್ಕೆ ಶಾಲೆಯ ಆಫೀಸು ಮುಚ್ಚುತ್ತದೆ.

"ಹಾಕಿದಳು," ಎಂದಳು.

ಸುತ್ತಿಗೆಯ ಸದ್ದು ಅಷ್ಟರಲ್ಲೇ ನಿಂತು, ಮಾತು ಕೋಣೆಯಲ್ಲಿ ತುಂಬ ದೊಡ್ಡದಾಗಿ ಕೇಳಿಸಿತು.

"ಹಾಕಿದಳಾ?"

"ನ್ಯಾಯಾಧೀಶ ಕಾಗದ ಇಟ್ಟ. ಅವಳು ಓದಿದಳು. ಪೆನ್ನು ತೆಗೆದುಕೊಂಡಳು." ಒಮ್ಮೆ ಶುರುವಾದ ಮೇಲೆ ಅದು ದಿನದಂತೆಯೇ ಸರಾಗವಾಗಿ ಬಂತು, ಅದಕ್ಕೇ ಅವಳಿಗೆ ಭಯವಾಯಿತು. "ಮಸಿ ಬೆರಳಿಗೆ ತಾಗಿತು, ಕರವಸ್ತ್ರದಲ್ಲಿ ಒರೆಸಿಕೊಂಡಳು. ತಪ್ಪಾಯ್ತು ಅಂತ ಬಾಯಲ್ಲೂ ಹೇಳಿದಳು. ಮನೆಗೆ ಹೋಗಿ ಉದ್ದ ಲಂಗ ಹಾಕಿದಳು. ಮತ್ತೆ ಯಾವತ್ತೂ ಅದನ್ನು ಬಿಡಲಿಲ್ಲ."

"ಆಮೇಲೆ?"

"ಆಮೇಲೆ ಎಂತ? ಬದುಕಿದಳು. ಮೂವತ್ತು ವರ್ಷ. ತೋಟ ಮಾಡಿದಳು. ತಂಗಿಯ ಮಕ್ಕಳನ್ನು ಓದಿಸಿದಳು."

ಎಸ್ತರಳ ಮುಖದಲ್ಲಿ ಏನೋ ಸಡಿಲವಾಯಿತು. ಹೊರೆ ಇಳಿದದ್ದಿರಬಹುದು, ಆದರೆ ಹಾಗೆ ಕಾಣಲಿಲ್ಲ. ಯಾರೋ ಮನೆಯಲ್ಲಿದ್ದವರು ಹೇಳದೆ ಎದ್ದು ಹೋದರೆ ಆಗುವ ಹಾಗೆ ಕಂಡಿತು. ಎಡಗೈಯಿಂದ ಪೆನ್ನು ತೆಗೆದುಕೊಂಡು, ಮಡಚಿದ ಬಲಗೈಯಿಂದ ಕಾಗದ ಅದುಮಿ ಹಿಡಿದು, ಒಂದೊಂದೇ ಅಕ್ಷರ ಬರೆದಳು. ಫ್ರೆಡ್ಡಿ ಅದು ಒಣಗುವ ಮೊದಲೇ ಎತ್ತಿಕೊಂಡು ಪ್ಲಾಸ್ಟಿಕ್ ಕವರಿಗೆ ಹಾಕಿ, ಬೀಗದ ಕೈ ಹುಡುಕತೊಡಗಿದ.

"ಒಂದು ಮಾತು ಹೇಳು," ಎಂದಳು ಎಸ್ತರ್. ದನಿ ಬೇರೆಯಾಗಿತ್ತು. "ಇದು ನಿನಗೆ ಮೊದಲೇ ಗೊತ್ತಿತ್ತಲ್ಲ? ಪುಸ್ತಕ ಓದಿ ಮುಗಿಸಿದ್ದೇನೆ ಅಂತ ನೀನೇ ಹೇಳಿದ್ದೆ."

"ಹೌದು."

"ಅವಳೇ ತಪ್ಪಾಯ್ತು ಅಂದಿದ್ದಾಳೆ ಅಂತ ಗೊತ್ತಿದ್ದೂ ನಮ್ಮನ್ನು ಕುಣಿಸಿದ್ದಾ? ಓಟು ಬೇಡ ಅಂದೆ, ಕೇಳಲಿಲ್ಲ. ಕೋಟು ಸಾಕಿತ್ತು, ಬಿಡಲಿಲ್ಲ. ಯಾಕೆ ದಮಯಂತಿ? ಯಾರಿಗೋಸ್ಕರ?"

ಉತ್ತರ ಇತ್ತು. ಒಂದೇ ವಾಕ್ಯದ್ದು. ಫ್ರೆಡ್ಡಿ ಇನ್ನೂ ಬಾಗಿಲಲ್ಲಿದ್ದ, ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತ, ಕವರು ಕಂಕುಳಲ್ಲಿ. ಅದನ್ನು ಕಸಿದುಕೊಂಡು ಹರಿಯಲಿಕ್ಕೆ ಎಸ್ತರಳಿಗೆ ಒಂದು ಕೈ ಸಾಕು.

"ಗೊತ್ತಿಲ್ಲ," ಎಂದಳು ದಮಯಂತಿ. "ಆಗ ನನ್ನ ತಲೆ ಸರಿ ಇರಲಿಲ್ಲ."

ಎಸ್ತರ್ ತಲೆಯಾಡಿಸಿದಳು. ಎದ್ದು ಒಳಕೋಣೆಗೆ ಹೋಗಿ ಮಕ್ಕಳಿಗೆ ಜಗಳ ನಿಲ್ಲಿಸಿ ಎಂದು ಗದರಿಸಿದಳು. ಮತ್ತೆ ಹೊರಗೆ ಬರಲಿಲ್ಲ. ದಮಯಂತಿ ಕುರ್ಚಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಕೆಳಗೆ ಫ್ರೆಡ್ಡಿಯ ಕಾರು ಒಂದೆರಡು ಸಲ ಕೆಮ್ಮಿ, ಸ್ಟಾರ್ಟಾಗಿ, ಹಮ್ರಿಯಾದ ಕಡೆ ಹೋದ ಸದ್ದು ಕೇಳಿದ ಮೇಲೆ ಎದ್ದಳು.